ಬೆಟ್ಟದ ಕೆಲ್ಟರ ಇಪ್ಪತ್ತು ಸುತ್ತು

ಚಿನ್ನದ ಗಣಿಯ ಊರಿಗಾಂ ಕಡೆಯಿಂದ ಬರೋ ಬೆಳಗಿನ ಟ್ರೈನು ಬಂಗಾರಪೇಟೆಯಲ್ಲಿ ನಿಂತಾಗ ಲೇಡೀಸ್ ಬೋಗಿಯ ಬಾಗಿಲು ನೋಡಬೇಕು ನೀವು. ಟಿಫನ್ ಡಬ್ಬಿ ಹೊಟ್ಟೆಗೆ ಚುಚ್ಚುತ್ತೆ, ಒಬ್ಬಳ ಜಡೆ ಇನ್ನೊಬ್ಬಳ ಬಾಯಿಗೆ ಬರುತ್ತೆ, ಊರಲ್ಲಿ ಸಾಧ್ವಿ ಅಂತ ಹೆಸರು ತಗೊಂಡವರೂ ಮೊಣಕೈ ಬೀಸ್ತಾರೆ. ಇಷ್ಟೆಲ್ಲ ರಂಪ ಇದ್ದರೂ ಒಂದು ಕಟ್ಟಳೆಯನ್ನು ಮಾತ್ರ ಯಾರೂ ಮುರಿಯಲ್ಲ. ಸೀಟಿನ ಮೇಲೆ ವೇಲು ಬಿದ್ದಿದ್ದರೆ ಮುಗೀತು, ಆ ಸೀಟು ವೇಲು ಯಾರ ಹೆಸರಿಗೆ ಬಿದ್ದಿದೆಯೋ ಅವಳದು. ಅವಳಿನ್ನೂ ಪ್ಲಾಟ್‌ಫಾರಂ ಮೇಲೆ ಓಡ್ತಾ ಇದ್ದರೂ ಅವಳದೇ. ಕಾಲುನೋವು ಅಂತ ಅಳೋರು ಕೂಡ ಆ ವೇಲನ್ನ ಎತ್ತಿ ಪಕ್ಕಕ್ಕಿಟ್ಟು ಕೂರಲ್ಲ. ಹಂಗೆ ಕೂತವಳು ವೈಟ್‌ಫೀಲ್ಡ್ ಬರೋವರೆಗೂ ಬೋಗಿಯವರ ಬಾಯಿಗೆ ಬಿದ್ದಿರ್ತಾಳೆ, ಆ ಗತಿ ಶತ್ರುವಿಗೂ ಬೇಡ.

ಕಲ್ಪನಳಿಗೋಸ್ಕರ ಆರು ವರ್ಷದಿಂದ ಹಂಗೆ ವೇಲು ಹಾಕ್ತಿದ್ದವಳು ಮೀನಾ. ಮೀನಾ ಹತ್ತೋದು ಊರಿಗಾಂನಲ್ಲಿ, ಬೋಗಿ ಇನ್ನೂ ಖಾಲಿ ಇರುವಾಗ. ಕಲ್ಪನ ಬಂಗಾರಪೇಟೆ ಆಚೆಯ ಹಳ್ಳಿಯವಳು. ಎದ್ದು ಎರಡು ಸೀಮೆಹಸು ಕರೆದು, ಡೈರಿಗೆ ಹಾಲು ಹಾಕಿ, ಕೈಯಲ್ಲಿ ಸಗಣಿ ವಾಸನೆ ಹೋಯ್ತೋ ಇಲ್ಲವೋ ಅಂತ ಮೂಸಿ ನೋಡ್ಕೊಂಡು ಸ್ಟೇಷನ್ನಿಗೆ ಓಡಿ ಬರೋಳು. ಇಬ್ಬರೂ ವೈಟ್‌ಫೀಲ್ಡ್ ಕಡೆಯ ಒಂದೇ ಕಾರ್ಖಾನೆಯಲ್ಲಿ, ಒಂದೇ ಬೆಂಚಿನಲ್ಲಿ, ಗಾಡಿಗಳಿಗೆ ಹಾಕೋ ವೈರು ಜೋಡಿಸೋ ಕೆಲಸಕ್ಕಿದ್ದರು. ಇಬ್ಬರಿಗೂ ಇಪ್ಪತ್ತಾರು. ಒಬ್ಬಳು ಮದುವೆಯಾದರೆ ಇನ್ನೊಬ್ಬಳು ಟ್ರೈನಲ್ಲಿ ನಿಂತುಕೊಂಡೇ ಹೋಗಬೇಕಾಗುತ್ತೆ ಅಂತ ಬೋಗಿಯವರು ಗೇಲಿ ಮಾಡೋರು.

ಆಮೇಲೆ ಎಲ್ಲಕ್ಕೂ ಕಾರಣವಾದ ಆ ಆಟವನ್ನ ಕಲ್ಪನಳ ಮೊಬೈಲಿಗೆ ಹಾಕಿಕೊಟ್ಟವಳೂ ಮೀನಾನೇ, ಸತ್ಯ ಹೇಳಬೇಕಲ್ಲ. ಹಳೇ ಕಾಲದ ರಾಜ್ಯ ಕಟ್ಟೋ ಆಟ. ಎರಡು ಸಾವಿರ ವರ್ಷದ ಹಿಂದಿನ ಯೂರೋಪಿನ ಭೂಪಟ ಇರುತ್ತೆ, ಅದರಲ್ಲಿ ಒಂದು ಜನಾಂಗವನ್ನ ನೀವು ತಗೋಬೇಕು. ಒಂದೊಂದು ಸುತ್ತಿಗೂ ನಿಮ್ಮ ದಂಡು ನಡೆಸಿ, ಊರು ಹಿಡಿದು, ಬೆಳೆ ನೋಡ್ಕೊಂಡು, ಆಮೇಲೆ ಮುಂದಿನವರಿಗೆ ಸರದಿ ಬಿಡಬೇಕು. ಆಡೋರೆಲ್ಲ ಬಾಯಿ ಬಿಟ್ಕೊಂಡು ರೋಮನ್ನರನ್ನೇ ತಗೋತಾರೆ. ಕಬ್ಬಿಣದ ಅಂಗಿ, ಕಲ್ಲಿನ ರಸ್ತೆ, ಎಲ್ಲ ಇದೆ ಅವರಿಗೆ. ಕಲ್ಪನ ತಗೊಂಡಿದ್ದು ಬೆಟ್ಟದ ಕೆಲ್ಟರನ್ನ, ರೋಮನ್ನರ ಉತ್ತರಕ್ಕಿದ್ದ ಒಂದು ಕಾಡುಜನಾಂಗವನ್ನ. ಯಾಕೆ ಅಂತ ಕೇಳಿದ್ದಕ್ಕೆ, ‘ಇವ್ರ ಮನೆ ಮುಂದೆ ದನ ಕಟ್ಟವ್ರೆ ನೋಡೇ, ಪಾಪ’ ಅಂದಳಂತೆ.

ಪಾಪ ಅನ್ನೋ ಜನಾನೇ ಅವರು. ಮೈಮೇಲೆ ಬಟ್ಟೆ ಇಲ್ಲ, ಬರೀ ಬಣ್ಣ. ಕಾಡು, ಬೆಟ್ಟ, ಅಲ್ಲೊಂದು ಇಲ್ಲೊಂದು ಊರು. ಕೆಲ್ಟರನ್ನ ತಗೊಂಡರೆ ಹದಿನೈದನೇ ಸುತ್ತಿಗೆ ರೋಮನ್ನರು ಬಂದು ಗುಡಿಸಿ ಹಾಕ್ತಾರೆ ಅನ್ನೋದು ಆಡುವವರ ಮಾತು. ಕಲ್ಪನಳೂ ಮೊದಲ ವರ್ಷವೆಲ್ಲ ಸೋತಳು. ಸೋತು ಸೋತು, ಟ್ರೈನಲ್ಲಿ ಯೋಚಿಸಿ, ಹಸು ಕರೆಯುವಾಗ ಯೋಚಿಸಿ, ಮೊದಲ ಇಪ್ಪತ್ತು ಸುತ್ತಿಗೆ ಒಂದು ದಾರಿ ಕಂಡುಕೊಂಡಳು.

ದಾರಿ ಇಷ್ಟೇ. ಎಲ್ಲರೂ ಮೊದಲ ಸುತ್ತಲ್ಲೇ ಊರಿಗೆ ಗೋಡೆ ಕಟ್ಟೋಕೆ ಕೂರ್ತಾರೆ. ಕೆಲ್ಟರಿಗೆ ಉಣ್ಣೋ ಬಾಯಿ ಜಾಸ್ತಿ, ಬೆಳೆಯೋ ಹೊಲ ಕಮ್ಮಿ. ದಂಡು ಮನೇಲಿ ಕೂತರೆ ಆರನೇ ಸುತ್ತಿಗೆ ಹಸಿವು, ಹತ್ತನೇ ಸುತ್ತಿಗೆ ದಂಗೆ. ಕಲ್ಪನ ಗೋಡೆ ಗೀಡೆ ಬಿಟ್ಟು, ಚೆದುರಿಹೋಗಿದ್ದ ತಂಡಗಳನ್ನೆಲ್ಲ ಮೊದಲ ಸುತ್ತಲ್ಲೇ ಒಬ್ಬ ನಾಯಕನ ಕೈಗೆ ಕೊಟ್ಟು, ಪಕ್ಕದಲ್ಲಿ ಯಾರಿಗೂ ಸೇರದ ಊರಿನ ಮೇಲೆ ಬಿಡೋಳು. ‘ಮೇವಿಲ್ಲ ಅಂತ ದನ ಕಟ್ಟಾಕಿದ್ರೆ ಸಾಯ್ತವೆ, ಮೇವಿರೋ ಕಡೆ ಒಡ್ಕೊಂಡು ಓಗ್ಬೇಕು’ ಅನ್ನೋಳು. ಕೆಲ್ಟರ ಮೊದಲ ನುಗ್ಗು ಭಯಂಕರ, ಆದರೆ ಹೊತ್ತಾದರೆ ಉಸಿರು ಹೋಗುತ್ತೆ. ಅದಕ್ಕೆ ಬಯಲಲ್ಲಿ ಸಾಲು ಕಟ್ಟಿ ನಿಲ್ಲಬಾರದು, ಕಾಡಲ್ಲಿ ಅವಿತು ಇಳಿಜಾರಲ್ಲಿ ಬಿದ್ದು, ಎರಡು ಏಟು ಕೊಟ್ಟು ಮುಗಿಸಬೇಕು. ಇನ್ನೊಂದು ಕವಣೆಯವರದು. ಕವಣೆಯಲ್ಲಿ ಕಲ್ಲು ಬೀಸೋರನ್ನ ಆಟದಲ್ಲಿ ಯಾರೂ ಲೆಕ್ಕಕ್ಕೇ ಇಡಲ್ಲ. ಕಲ್ಪನಳ ಅಪ್ಪ ಮುನಿಸ್ವಾಮಪ್ಪ ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ನಿಂತು ಗಿಳಿಗೆ ಕವಣೆ ಬೀಸೋದನ್ನ ನೋಡ್ಕೊಂಡೇ ಬೆಳೆದವಳು ಅವಳು. ಎತ್ತರದಲ್ಲಿ ನಿಂತವನ ಕವಣೆ ಎಷ್ಟು ದೂರ ಹೋಗುತ್ತೆ ಅಂತ ಅವಳಿಗೆ ಗೊತ್ತು. ಬೆಟ್ಟದ ನೆತ್ತಿಯಲ್ಲಿ ಆರು ತಂಡ ಕವಣೆಯವರನ್ನ ನಿಲ್ಲಿಸಿ ಕಬ್ಬಿಣದಂಗಿಯವರ ಬುರುಡೆ ಬಿಚ್ಚಿಸಿದಳು ನೋಡಿ, ಟ್ರೈನಲ್ಲಿ ಅವತ್ತು ಮೀನಾ ಶಿಳ್ಳೆ ಹೊಡೆದಿದ್ದಳು.

ಎಲ್ಲಕ್ಕಿಂತ ದೊಡ್ಡ ಗುಟ್ಟು ವೇಲಿನದು. ಮಿಕ್ಕವರು ಹಿಡಿದ ಊರಿಗೆಲ್ಲ ನಾಲ್ಕು ನಾಲ್ಕು ತಂಡ ಕಾವಲಿಟ್ಟು ಮುಂದೆ ಹೋಗೋಕೆ ಜನ ಸಾಲದೆ ಒದ್ದಾಡೋರು. ಕಲ್ಪನ ಗೆಳತಿಯ ಗಡಿಗೆ ತಗುಲಿದ ಊರುಗಳಲ್ಲಿ ಒಂದೊಂದೇ ತಂಡ, ಅದೂ ದನ ಕಾಯೋ ಮುದುಕರನ್ನ ಬಿಟ್ಟು, ಮಿಕ್ಕ ದಂಡೆಲ್ಲ ರೋಮನ್ನರ ಕಡೆಗೆ ತಿರುಗಿಸೋಳು. ಮೀನಾ ಯಾವಾಗಲೂ ಅವಳ ದಕ್ಷಿಣದ ನೆರೆಯ ಹೊಳೆ ಕೆಲ್ಟರನ್ನ ತಗೊಂಡು, ಅವಳ ಜೊತೆ ಮೈತ್ರಿ ಮಾಡ್ಕೊಂಡೇ ಆಡ್ತಿದ್ದಳು. ‘ಒಂದ್ ತಂಡ ಸಾಲ್ತದೇನೇ ಊರಿಗೆ?’ ಅಂತ ಮೀನಾ ಮೊದಲ ಸಲ ಕೇಳಿದಾಗ ಕಲ್ಪನ ನಕ್ಕುಬಿಟ್ಟಿದ್ದಳು. ‘ಅದು ಕಾವಲಲ್ಲ ಕಣೇ, ವೇಲು. ನಿನ್ ಕಡೆ ಊರಿಗೆ ವೇಲು ಸಾಕು.’

ನಂಬಿಕೆ ಅಂದರೆ ಅವಳಿಗೆ ಅಷ್ಟು ಸಲೀಸು. ಲೇಡೀಸ್ ಬೋಗಿಯಲ್ಲಿ ಆರು ವರ್ಷ ಕೂತವಳಿಗೆ ಬೇರೆ ಥರ ಯೋಚಿಸೋಕೆ ಬರಲೇ ಇಲ್ಲ.

ಈ ವರ್ಷ ಬೆಂಗಳೂರಿನ ಯಾರೋ ಹೆಂಗಸರಿಗೇ ಅಂತ ಒಂದು ಪಂದ್ಯ ಇಟ್ಟರು. ಆರಾರು ಜನರ ಗುಂಪು, ಮೂರು ಭಾನುವಾರ, ಒಟ್ಟು ಇಪ್ಪತ್ತು ಸುತ್ತು. ಇಪ್ಪತ್ತನೇ ಸುತ್ತು ಮುಗಿದಾಗ ಯಾರ ಹತ್ತಿರ ಜಾಸ್ತಿ ಊರಿದೆಯೋ ಆ ಒಬ್ಬಳು ಹೈದರಾಬಾದಿಗೆ. ಅಲ್ಲಿ ಅರವತ್ತು ಸುತ್ತಿನ ಕೊನೆಯ ಪಂದ್ಯ, ದೊಡ್ಡ ಪರದೆ, ನೋಡೋಕೆ ಸಾವಿರಾರು ಜನ. ಕಲ್ಪನಳಿಗೆ ಹೈದರಾಬಾದ್ ಬೇಕಿತ್ತು. ಹಸಿದ ಹೊಟ್ಟೆಗೆ ಮುದ್ದೆ ಬೇಕಾದಂಗೆ ಬೇಕಿತ್ತು. ಊರಲ್ಲಿ ಅವಳು ಮುನಿಸ್ವಾಮಪ್ಪನ ಮಗಳು, ಡೈರಿಯಲ್ಲಿ ಒಂದು ನಂಬರು, ಕಾರ್ಖಾನೆಯಲ್ಲಿ ನಾಲ್ಕನೇ ಲೈನಿನ ಹುಡುಗಿ. ತನ್ನ ತಲೆಯಿಂದ ಹುಟ್ಟಿದ ಒಂದು ವಿಷಯವನ್ನ ನಾಲ್ಕು ಜನ ನೋಡಿ ‘ಇದು ಕಲ್ಪನ ಕಂಡುಹಿಡಿದಿದ್ದು’ ಅನ್ನಲಿ ಅಂತ ಅವಳಿಗೆ ಆಸೆ. ತಪ್ಪಾ? ನೀವೇ ಹೇಳಿ.

ಮೀನಾಳೂ ಜೊತೆಗೆ ಹೆಸರು ಕೊಟ್ಟಳು. ಚೀಟಿ ಎತ್ತಿದಾಗ ಇಬ್ಬರೂ ಒಂದೇ ಗುಂಪಿಗೆ ಬಿದ್ದರು. ಕಲ್ಪನಳ ಮುಖ ಸಪ್ಪಗಾಯ್ತು. ಮೀನಾನೇ ಅವಳ ಗದ್ದ ಹಿಡಿದು ಮೇಲೆತ್ತಿದಳು.

‘ಏನ್ಡಿ ಇಷ್ಟಕ್ಕೆ ಮುಖ ಉಬ್ಬಿಸ್ತೀಯ? ಓಗೋಳು ನೀನೇ. ಡ್ಯೂಟಿಗೆ ಬಿಟ್ರೆ ನಮ್ಮಮ್ಮ ನನ್ನ ಪಕ್ಕದ ರಾಬರ್ಟ್‌ಸನ್‌ಪೇಟೆಗೆ ಕಳ್ಸೋದೇ ಕಷ್ಟ, ಹೈದರಾಬಾದಿಗೆ ಕಳಿಸ್ತಾಳಾ? ನಾನು ನಿನ್ ಪಕ್ಕ ಇದ್ಕೊಂಡು ಬೆನ್ನು ಕಾಯ್ತೀನಿ, ನೀನು ಮುಂದೆ ನುಗ್ಗು. ಗೆದ್ಮೇಲೆ ಪಾನಿಪೂರಿ ಕೊಡಿಸು ಸಾಕು.’

‘ನಿಜ್ವಾಗ್ಲೂ?’

‘ಅಮ್ಮನಾಣೆ.’

ಇದಕ್ಕಿಂತ ದೊಡ್ಡ ಕರಾರುಪತ್ರ ಯಾವುದಿದೆ? ಕಲ್ಪನ ತನ್ನ ಇಪ್ಪತ್ತು ಸುತ್ತನ್ನೂ ಒಂದೊಂದಾಗಿ ಬಿಡಿಸಿ ಮೀನಾಳಿಗೆ ಹೇಳಿಕೊಟ್ಟಳು. ಯಾವ ಸುತ್ತಲ್ಲಿ ತನ್ನ ದಂಡು ಎಲ್ಲಿರುತ್ತೆ, ಯಾವ ಊರಲ್ಲಿ ಎಷ್ಟು ಜನ ಉಳೀತಾರೆ, ಒಂದೂ ಮುಚ್ಚಿಡಲಿಲ್ಲ. ಮೀನಾ ಎಲ್ಲ ಬಾಯಿಪಾಠ ಮಾಡಿಕೊಂಡಳು.

ಪಂದ್ಯಕ್ಕೆ ಮೊಬೈಲು ನಡೆಯಲ್ಲ, ಕಂಪ್ಯೂಟರೇ ಬೇಕು ಅಂದರು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ ಹಿಂದೆ ಸೆಲ್ವರಾಜ್ ಅನ್ನೋರದೊಂದು ಬ್ರೌಸಿಂಗ್ ಸೆಂಟರ್ ಇತ್ತು. ಅರ್ಜಿ ತುಂಬೋದು, ಜೆರಾಕ್ಸ್ ತೆಗೆಯೋದು, ಹಿಂದುಗಡೆ ಹುಡುಗರು ಆಡೋಕೆ ನಾಲ್ಕು ಸಿಸ್ಟಮ್ಮು. ಅವರು ಇಬ್ಬರಿಗೂ ಅಕ್ಕಪಕ್ಕದ ಎರಡು ಸಿಸ್ಟಮ್ ಬಿಟ್ಟುಕೊಟ್ಟರು. ‘ನಮ್ ಊರು ಪೊಣ್ಣುಂಗ, ನಮ್ ಉಡುಗೀರು, ಆಡ್ತಾವ್ರೆ’ ಅಂತ ಜೆರಾಕ್ಸಿಗೆ ಬಂದವರಿಗೆಲ್ಲ ಹೇಳ್ಕೊಂಡು, ಹುಡುಗರನ್ನ ಗದರಿಸಿ ಆಚೆ ಕಳಿಸಿ, ಫ್ಯಾನನ್ನ ಇವರ ಕಡೆಗೆ ತಿರುಗಿಸಿದರು.

ಮೊದಲ ಎರಡು ಭಾನುವಾರ ಕಲ್ಪನ ಆಡಿದ ಆಟ ನೋಡಬೇಕಿತ್ತು. ಮೂರನೇ ಸುತ್ತಿಗೆ ಎರಡನೇ ಊರು, ಏಳನೇ ಸುತ್ತಿಗೆ ನಾಲ್ಕನೇದು. ರೋಮನ್ನರನ್ನ ಆಡ್ತಿದ್ದವಳು ಮಂಗಳೂರಿನ ಕಡೆಯ ಒಬ್ಬ ಜಾಣೆ. ಅವಳ ದೊಡ್ಡ ದಂಡು ಕಣಿವೆಗೆ ಇಳೀತು, ಮೇಲಿಂದ ಕವಣೆಕಲ್ಲು ಬಿತ್ತು, ಕಾಡಿನಿಂದ ಬಣ್ಣ ಬಳ್ಕೊಂಡವರು ಹೋ ಅಂತ ಇಳಿದರು. ಪಂದ್ಯದ ವಿವರಣೆ ಕೊಡ್ತಿದ್ದ ಆಶಾರಾಣಿ ಅನ್ನೋಳು ಬೆಂಗಳೂರಿನಿಂದ ‘ಅಬ್ಬಬ್ಬಾ, ಬೆಟ್ಟದ ಕೆಲ್ಟರು!’ ಅಂತ ಕೂಗಿದ್ದು ಸೆಲ್ವರಾಜರ ಅಂಗಡಿಯ ಸ್ಪೀಕರಿನಲ್ಲೂ ಕೇಳಿಸ್ತು.

ಹದಿನಾಲ್ಕನೇ ಸುತ್ತಲ್ಲಿ ರೋಮನ್ನರು ಕಲ್ಪನಳನ್ನ ಬಿಟ್ಟು ಹೊಳೆ ಕೆಲ್ಟರ ಮೇಲೆ ತಿರುಗಿದರು. ಮೀನಾಳ ಎರಡು ಊರು ಒಂದೇ ಸುತ್ತಲ್ಲಿ ಹೋದವು. ಮೀನಾ ಕಲ್ಪನಳ ತೋಳು ಹಿಡ್ಕೊಂಡು, ‘ಲೇ, ನಾನು ಸತ್ತೆ ಕಣೇ, ಬಾರೇ’ ಅಂದಳು.

ಕಲ್ಪನ ಹೋಗಬಾರದಿತ್ತು. ಅವಳ ಮುಂದೆ ಇನ್ನೂ ಎರಡು ಊರು ಬಾಗಿಲು ತೆಗೆದು ಕೂತಿದ್ದವು. ಆದರೆ ಅವಳು ಒಂದು ಕ್ಷಣವೂ ಲೆಕ್ಕ ಹಾಕಲಿಲ್ಲ. ಒಳ್ಳೇ ದಂಡನ್ನೆಲ್ಲ ತಿರುಗಿಸಿ ಹೊಳೆ ದಾಟಿಸಿ, ಮೀನಾಳ ನಾಡಿನ ಆ ತುದಿಗೆ ಹೋಗಿ ರೋಮನ್ನರನ್ನ ಒದ್ದು ಓಡಿಸಿದಳು. ಎರಡು ಊರನ್ನೂ ಬಿಡಿಸಿ ಮೀನಾಳ ಕೈಗೇ ಕೊಟ್ಟು, ತನ್ನ ದಂಡನ್ನ ಅಲ್ಲೇ ಕಾವಲಿಗೆ ನಿಲ್ಲಿಸಿದಳು. ಮೀನಾ ಅವಳ ಕೆನ್ನೆಗೆ ಮುತ್ತು ಕೊಟ್ಟಳು, ಸೆಲ್ವರಾಜ್ ನಾಚಿ ಜೆರಾಕ್ಸ್ ಮೆಷಿನ್ ಕಡೆಗೆ ತಿರುಗಿದರು.

ಮೂರನೇ ಭಾನುವಾರ, ಹತ್ತೊಂಬತ್ತನೇ ಸುತ್ತು. ಕಲ್ಪನಳಿಗೆ ಒಂಬತ್ತು ಊರು, ರೋಮಿನವಳಿಗೆ ಏಳು, ಮೀನಾಳಿಗೆ ಆರು. ಹೈದರಾಬಾದ್ ಕೈಗೆ ಸಿಕ್ಕಂಗೇ ಇತ್ತು. ಆ ಸುತ್ತಲ್ಲಿ ಮೀನಾಳ ಮೂರು ದಂಡು ಬಂದು ಕಲ್ಪನಳ ಮೂರು ಊರಿನ ಬಾಗಿಲಲ್ಲಿ ನಿಂತವು. ಮೂರರಲ್ಲೂ ಒಂದೊಂದೇ ತಂಡ, ದನ ಕಾಯೋ ಮುದುಕರು.

‘ಯಾಕೇ ಬಂದ್ರು ಇವ್ರು?’ ಅಂದಳು ಕಲ್ಪನ, ಬೇರೆ ಏನೂ ಅಲ್ಲ, ಸುಮ್ಮನೆ.

‘ಮುಂದಿಂದೇ ಕೊನೇ ಸುತ್ತಲ್ವಾ, ರೋಮಿನವಳು ಹಡಗಲ್ಲಿ ಆಳು ಇಳ್ಸಿದ್ರೆ? ಕಾವಲಿಗೆ ತಂದಿದೀನಿ’ ಅಂದಳು ಮೀನಾ, ಪರದೆಯಿಂದ ಕಣ್ಣು ತೆಗೀದೆ.

ಎಂಥ ಒಳ್ಳೇ ಹುಡುಗಿ ಅಂದುಕೊಂಡಳು ಕಲ್ಪನ. ಅಯ್ಯೋ ಮಂಕೇ!

ಇಪ್ಪತ್ತನೇ ಸುತ್ತಲ್ಲಿ ಕಲ್ಪನ ತನ್ನ ಸರದಿ ಮುಗಿಸಿ ಕುರ್ಚಿಗೆ ಒರಗಿ ಕೈ ಚಾಚಿ ಮೈ ಮುರಿದಳು. ಆರು ಜನರಲ್ಲಿ ಕೊನೆಯ ಸರದಿ ಮೀನಾಳದು. ಅವಳ ನಂತರ ಯಾರಿಗೂ ಉತ್ತರ ಕೊಡೋಕೆ ಅವಕಾಶ ಇಲ್ಲ. ಮೀನಾಳ ಮೌಸು ಮೂರು ಸಲ ಟಕ್ ಅಂತು. ಕಲ್ಪನಳ ಪರದೆ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂತು, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಮೈತ್ರಿ ಮುರಿದಿದೆ. ಮೂರು ಊರು ಹೊಳೆ ಕೆಲ್ಟರ ವಶ.

ಕಲ್ಪನಳಿಗೆ ಮೊದಲು ಅರ್ಥವೇ ಆಗಲಿಲ್ಲ. ‘ಏ ಮೀನಾ, ತಪ್ಪಾಗಿ ಒತ್ಬಿಟ್ಟೆ ಕಣೇ’ ಅಂದಳು. ನಿಜವಾಗಲೂ ಹಾಗೇ ಅಂದಳು, ಪಾಪ.

ಮೀನಾ ಸರದಿ ಮುಗಿಸೋ ಗುಂಡಿ ಒತ್ತಿದಳು. ಮೀನಾಳಿಗೆ ಒಂಬತ್ತು, ರೋಮಿಗೆ ಏಳು, ಕಲ್ಪನಳಿಗೆ ಆರು. ಸ್ಪೀಕರಿನಲ್ಲಿ ಆಶಾರಾಣಿ ಕಿರುಚಿದಳು. ಕಲ್ಪನಳ ಒಳ್ಳೇ ದಂಡೆಲ್ಲ ಆಗಲೂ ಮೀನಾಳ ನಾಡಿನ ಆ ತುದಿಯಲ್ಲಿ, ಮೀನಾಳ ಊರುಗಳನ್ನ ಕಾಯ್ತಾ ನಿಂತಿತ್ತು. ಬೇಲಿನೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಅದು ಇದು.

‘ಸೆಲ್ವಣ್ಣ, ಇಂಗೆ ಮಾಡ್ಬೋದಾ?’ ಕಲ್ಪನಳ ದನಿ ಒಡೆದಿತ್ತು.

ಸೆಲ್ವರಾಜ್ ಕನ್ನಡಕ ಹಾಕ್ಕೊಂಡು ಪಂದ್ಯದ ನಿಯಮವನ್ನ ಮೇಲಿಂದ ಕೆಳಗೆ ಎರಡು ಸಲ ಓದಿದರು. ‘ಮಾಡ್ಬಾರ್ದು ಅಂತ ಎಲ್ಲೂ ಬರ್ದಿಲ್ಲಮ್ಮ’ ಅಂದರು, ತಾವೇ ತಪ್ಪು ಮಾಡಿದವರ ಥರ. ‘ಟೀ ತರಿಸ್ಲಾ?’

ಅಷ್ಟರಲ್ಲಿ ಮೀನಾಳ ಪರದೆ ಮೇಲೆ ಆಶಾರಾಣಿಯ ಮುಖ ಬಂತು, ಗೆದ್ದವಳ ಜೊತೆ ಮಾತಾಡೋಕೆ. ಕಲ್ಪನ ಅಲ್ಲೇ ಪಕ್ಕದಲ್ಲಿ, ಕ್ಯಾಮೆರಾಗೆ ಕಾಣದಷ್ಟು ದೂರದಲ್ಲಿ ಕೂತಿದ್ದಳು.

‘ಮೀನಾ ಅವರೇ, ಕೆಲ್ಟರಲ್ಲಿ ಗೆಲ್ಲೋಕೇ ಆಗಲ್ಲ ಅಂತಾರೆ. ಈ ಉಪಾಯ ನಿಮಗೆ ಹೇಗೆ ಹೊಳೀತು?’

ಈಗಲಾದರೂ ಹೇಳ್ತಾಳೆ ಅಂದುಕೊಂಡಳು ಕಲ್ಪನ. ಊರು ಹೋದರೆ ಹೋಯ್ತು, ಹೆಸರಾದರೂ ಹೇಳ್ತಾಳೆ.

ಮೀನಾ ವೇಲು ಸರಿಮಾಡ್ಕೊಂಡು, ‘ನಾವು ಟ್ರೈನಲ್ಲಿ ಸೀಟಿಗೆ ವೇಲು ಹಾಕ್ತೀವಲ್ಲ ಮೇಡಂ, ಅದ್ರಿಂದ ಹೊಳೀತು. ನಂಬಿಕೆ ಇರೋ ಕಡೆ ಒಂದ್ ತಂಡ ಬಿಟ್ರೆ ಸಾಕು ಅಂತ’ ಅಂದಳು. ಆಮೇಲೆ ಗೋಡೆ ಕಟ್ಟಬಾರದು ಅನ್ನೋದು ಹೇಳಿದಳು. ಕಾಡಲ್ಲಿ ಅವಿಯೋದು ಹೇಳಿದಳು. ಕವಣೆಯ ವಿಷಯ ಬಂದಾಗ, ‘ನಮ್ಮಪ್ಪ ಜೋಳದ ಒಲದಲ್ಲಿ ಗಿಳಿ ಓಡ್ಸೋದು ನೋಡಿದ್ದೆ ಮೇಡಂ, ಚಿಕ್ಕೋಳಿದ್ದಾಗ’ ಅಂದಳು.

ಮೀನಾಳ ಅಪ್ಪ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಜೀವಮಾನದಲ್ಲಿ ಜೋಳದ ಹೊಲಕ್ಕೆ ಕಾಲಿಟ್ಟವರಲ್ಲ. ಊರು ಕಿತ್ಕೊಂಡಳು, ಉಪಾಯ ಕಿತ್ಕೊಂಡಳು, ಕೊನೆಗೆ ಅಟ್ಟಣಿಗೆ ಮೇಲೆ ನಿಂತಿದ್ದ ಮುನಿಸ್ವಾಮಪ್ಪನನ್ನೂ ಬಿಡಲಿಲ್ಲವಲ್ಲ! ಕಲ್ಪನ ಎದ್ದು, ಸೆಲ್ವರಾಜ್ ತರಿಸಿದ ಟೀ ಮುಟ್ಟದೆ, ಬಸ್‌ಸ್ಟ್ಯಾಂಡಿಗೆ ನಡೆದಳು. ಬಂಗಾರಪೇಟೆವರೆಗೂ ಬಸ್ಸಿನ ಕಂಬಿ ಹಿಡ್ಕೊಂಡು ಅತ್ತಳು. ಪಕ್ಕದಲ್ಲಿದ್ದ ಹೆಂಗಸು ಯಾರು ಹೋಗಿಬಿಟ್ಟರು ತಾಯಿ ಅಂತ ಕೇಳಿದ್ದಕ್ಕೆ ಏನು ಹೇಳೋದು ಅಂತ ಅವಳಿಗೆ ತಿಳಿಯಲಿಲ್ಲ.

ಸೋಮವಾರದಿಂದ ಕಲ್ಪನ ಆ ಟ್ರೈನು ಬಿಟ್ಟಳು. ಅದಕ್ಕಿಂತ ಮುಂಚಿನ ಗಾಡಿ ಹಿಡಿದು, ಬಾಗಿಲ ಹತ್ತಿರ ನಿಂತ್ಕೊಂಡೇ ವೈಟ್‌ಫೀಲ್ಡಿಗೆ ಹೋದಳು. ಮೇಸ್ತ್ರಿಗೆ ಹೇಳಿ ಬೆಂಚು ಬದಲಾಯಿಸಿಕೊಂಡಳು. ಮೀನಾ ಫೋನು ಮಾಡಿದಳು, ಮೆಸೇಜು ಹಾಕಿದಳು, ಕಲ್ಪನ ನೋಡಲಿಲ್ಲ. ಸೋತಿದ್ದಕ್ಕಲ್ಲ, ಅಪ್ಪನ ಹೊಲವನ್ನ ಇನ್ನೊಬ್ಬಳ ಬಾಯಲ್ಲಿ ಕೇಳಿದ್ದಕ್ಕೆ ಅವಳಿಗೆ ಅಷ್ಟು ನೋವು. ಮನೆಯವರಿಗೆ ಏನೂ ಹೇಳಿರಲಿಲ್ಲ. ನಂಬಿದ ಎಮ್ಮೆ ಕೋಣ ಈಯ್ತು ಅಂತ ಯಾರ ಹತ್ತಿರ ಹೇಳ್ಕೊಳ್ಳೋದು, ನಗೋಲ್ವಾ?

ಮುಂದಿನ ಭಾನುವಾರ ಬೆಳಗ್ಗೆ ಕಲ್ಪನ ಕೊಟ್ಟಿಗೆಯಲ್ಲಿ ಹಸು ಕರೀತಿದ್ದಳು. ಅಂಗಳದಲ್ಲಿ ಅಮ್ಮ ಅಕ್ಕಯ್ಯಮ್ಮನ ದನಿ ಕೇಳಿಸ್ತು.

‘ಬಾರಮ್ಮ ಮೀನಾ, ಬಾ. ಗೆದ್ಯಂತಲ್ಲ, ಸೆಲ್ವರಾಜು ಪೋನ್ ಮಾಡಿ ಏಳಿದ್ರು, ನಮ್ಗಂತೂ ಬಾಳ ಕುಸಿ ಆಯ್ತು. ನಮ್ಮುಡುಗಿ ಗೆದ್ರೇನು ನೀನ್ ಗೆದ್ರೇನು, ಎರಡೂ ಒಂದೇ. ಕಾಪಿ ಕುಡಿ, ಅವ್ಳು ಕೊಟ್ಟಿಗೇಲವ್ಳೆ.’

ಮೀನಾ ಕೊಟ್ಟಿಗೆ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಒಂದು ನೋಟ್‌ಬುಕ್ಕು, ಪೆನ್ನು. ಕಲ್ಪನ ತಲೆ ಎತ್ತಲಿಲ್ಲ. ಹಾಲು ಕರೀತಾನೇ ಇದ್ದಳು.

‘ಕಲ್ಪೂ, ಇನ್ನೂ ಕೋಪ ಏನ್ಡಿ? ಅದೊಂದು ಆಟ.’

‘ಆಟ ಅಂದ್ಮೇಲೆ ನಮ್ಮಪ್ಪನ್ನ ಯಾಕ್ ಕದ್ದೆ?’ ಕಲ್ಪನ ಹಸುವಿನ ಹೊಟ್ಟೆಗೆ ಹಣೆ ಆನಿಸ್ಕೊಂಡೇ ಕೇಳಿದಳು.

ಮೀನಾ ಕಾಲ ಕೆಳಗಿನ ಹುಲ್ಲು ಕೆದಕಿದಳು. ಆಮೇಲೆ ಹೇಳಿದಳು, ‘ಆರು ವರ್ಷದಿಂದ ನೀನ್ ಏಳೋದು, ನಾನ್ ಕೇಳೋದು. ಬೋಗೀಲಿ ಎಲ್ರೂ ಕಲ್ಪನ ಜಾಣೆ, ಕಲ್ಪನ ಜಾಣೆ. ನಾನು ಸೀಟ್ ಇಡಿಯೋಳು. ಹದಿನೆಂಟನೇ ಸುತ್ತಲ್ಲಿ ಎಣಿಸ್ದೆ, ನಿನ್ ಮೂರೇ ಊರು ಸಿಕ್ರೆ ನಾನೇ ಮೊದ್ಲು. ಒಂದ್ಸಲ ನಾನೂ ಮೊದ್ಲು ಬರ್ಬೇಕು ಅನ್ನಿಸ್ತು ಕಣೇ. ಅಷ್ಟೇ. ಊರು ಬೇರೆ ತೆರ್ಕೊಂಡಿದ್ವು, ಯಾರಾದ್ರೂ ತಗೋತಿದ್ರು.’

‘ಇನ್ಯಾರು ತಗೋತಿದ್ರು? ಆ ಕಡೆ ಇದ್ದೋಳು ನೀನೊಬ್ಳೇ.’

ಕಲ್ಪನ ಎದ್ದಳು. ಕಣ್ಣು ಉರೀತಿತ್ತು. ಕೇಳ್ಕೊಂಡು ಬಂದಿದ್ದರೆ ಬಿಟ್ಟುಕೊಡ್ತಿದ್ದೆ ಅಂತ ಹೇಳಬೇಕು ಅನ್ನಿಸ್ತು, ಅದು ನಿಜವೂ ಹೌದು. ಆದರೆ ಅದನ್ನ ಹೇಳಿ ಇವಳನ್ನ ಇನ್ನೂ ಹಗುರ ಮಾಡೋಕೆ ಅವಳಿಗೆ ಮನಸ್ಸಾಗಲಿಲ್ಲ. ‘ಯಾಕ್ ಬಂದೆ?’ ಅಂತ ಮಾತ್ರ ಕೇಳಿದಳು.

ಮೀನಾ ನೋಟ್‌ಬುಕ್ಕು ತೆಗೆದಳು. ಎಂಥ ಗಟ್ಟಿ ಗುಂಡಿಗೆ ನೋಡಿ! ‘ಹೈದರಾಬಾದಲ್ಲಿ ಅರವತ್ತು ಸುತ್ತು. ಇಪ್ಪತ್ತರವರೆಗೂ ನಂಗೆ ಬಾಯಿಪಾಠ. ಆಮೇಲೆ ಆಡಿ ನೋಡ್ದೆ, ಏಳು ಸಲ, ಏಳು ಸಲಾನೂ ರೋಮ್‌ನೋರು ನುಂಗಾಕಿದ್ರು. ಇಪ್ಪತ್ತೊಂದಕ್ಕೆ ಏನ್ ಮಾಡ್ಬೇಕು ಏಳ್ಕೊಡೇ. ನಿನ್ ಹೆಸ್ರು ಅಲ್ಲಿ ಏಳ್ತೀನಿ, ಅಮ್ಮನಾಣೆ.’

ಕಲ್ಪನಳಿಗೆ ಮೊದಲು ನಗು ಬಂತು, ಆಮೇಲೆ ಬಕೆಟ್ಟಿನ ಹಾಲನ್ನ ಅವಳ ಮುಖಕ್ಕೆ ಎರಚೋಣ ಅನ್ನಿಸ್ತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ತಣ್ಣಗೆ. ‘ಇಪ್ಪತ್ತೊಂದಕ್ಕೆ ಗೋಡೆ ಕಟ್ಟು, ದಂಡನ್ನ ಎರಡು ಭಾಗ ಮಾಡು’ ಅಂತ ಹೇಳಿದರೆ ಸಾಕು. ಮೀನಾ ಬರೆದುಕೊಳ್ತಾಳೆ, ನಂಬ್ತಾಳೆ, ಮೂವತ್ತನೇ ಸುತ್ತಿಗೆ ಸಾವಿರಾರು ಜನರ ಮುಂದೆ ಬೂದಿಯಾಗ್ತಾಳೆ. ಮೀನಾ ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಕೊಂಡು ಕಾಯ್ತಿದ್ದಳು. ಕಲ್ಪನ ಏನು ಹೇಳಿದರೂ ಅದು ಸರಿಯಾಗೇ ಇರುತ್ತೆ ಅನ್ನೋ ನಂಬಿಕೆ ಅವಳ ಮುಖದಲ್ಲಿ ಹಾಗೇ ಇತ್ತು. ಅದನ್ನ ನೋಡಿ ಕಲ್ಪನಳಿಗೆ ಸುಳ್ಳು ಹೇಳೋಕೆ ಬರಲಿಲ್ಲ.

‘ಬರ್ಕೋ. ಇಪ್ಪತ್ತೊಂದರಿಂದ ರೋಮನ್ನರು ಎರಡು ದಾರೀಲಿ ಬತ್ತಾರೆ. ಒಂದು ಬೆಟ್ಟದ ಕಣಿವೆ, ಇನ್ನೊಂದು ಹೊಳೆ ದಾಟೋ ಜಾಗ. ಎರಡೂ ಒಂದೇ ಸುತ್ತಲ್ಲಿ. ಕಣಿವೇಲಿ ಒಬ್ಳು ನಿಂತು ಅವ್ರನ್ನ ಒಳಗೆ ಬಿಡ್ಬೇಕು, ತಡೀಬಾರ್ದು. ಇನ್ನೊಬ್ಳು ಹೊಳೆ ಹತ್ರ ನಿಂತಿದ್ದು, ಅವ್ರು ಒಳಗೆ ಬಂದ್ಮೇಲೆ ಇಂದ್ಗಡೆ ದಾರಿ ಮುಚ್ಬೇಕು.’

ಮೀನಾ ದಡದಡ ಬರೆದುಕೊಂಡಳು. ಕಣಿವೆ ಅಂತ ಬರೆದು ಮುಂದೆ ತನ್ನ ಹೆಸರು ಹಾಕಿದಳು. ಹೊಳೆ ಅಂತ ಬರೆದಳು. ಪೆನ್ನು ಅಲ್ಲಿ ನಿಂತಿತು.

‘ಇನ್ನೊಬ್ಳು ಅಂದ್ರೆ?’

‘ನಾನು ಮಾಡಿದ್ದು ಇಬ್ರಿಗೆ ಕಣೇ. ಮೊದಲ್ನಿಂದ ಇಬ್ರಿಗೇ ಮಾಡಿದ್ದು.’

‘ಒಬ್ಳೇ ಆದ್ರೆ ಏನ್ ಮಾಡ್ಬೇಕು?’

‘ಗೊತ್ತಿಲ್ಲ. ಒಬ್ಳೇ ಆಡೋದು ಅಂತ ನಾನು ಒಂದು ದಿನಾನೂ ಯೋಚ್ನೆ ಮಾಡಿಲ್ಲ.’

ಹಸು ಬಾಲ ಬೀಸಿ ನೊಣ ಓಡಿಸ್ತು. ಮೀನಾ ಪೆನ್ನಿಂದ ಹೊಳೆ ಅನ್ನೋ ಅಕ್ಷರದ ಮೇಲೇ ತಿದ್ದಿ ತಿದ್ದಿ ಬರೀತಿದ್ದಳು. ‘ಅಲ್ಲಿ ಎಂಟು ಜನ ಬತ್ತಾರೆ. ಒಬ್ಳನ್ನ ಜೊತೆ ಮಾಡ್ಕೋತೀನಿ ಬಿಡು.’

‘ಮಾಡ್ಕೋ. ಆದ್ರೆ ನೀನ್ ಎಂಗೆ ಗೆದ್ದೆ ಅಂತ ಆ ಎಂಟೂ ಜನ ನೋಡವ್ರೆ.’

ಕಲ್ಪನ ಅದನ್ನ ಶಾಪ ಹಾಕೋಕೆ ಹೇಳಲಿಲ್ಲ. ಆಟ ಬಲ್ಲವಳು ಲೆಕ್ಕ ನೋಡಿ ಹೇಳಿದಳು, ಹೇಳಿ ಅವಳಿಗೇ ಸಂಕಟ ಆಯ್ತು. ಮೀನಾಳ ಮುಖದ ಬಣ್ಣ ಇಳಿದುಹೋಯ್ತು. ಅಲ್ಲಿಯವರೆಗೆ ಅದು ಅವಳ ತಲೆಗೇ ಬಂದಿರಲಿಲ್ಲ ಅಂತ ಕಾಣುತ್ತೆ.

‘ಅಂಗಾದ್ರೆ ನೀನೇ ಬಾರೇ ಹೈದರಾಬಾದಿಗೆ’ ಅಂದಳು ಮೀನಾ. ದನಿ ಸಣ್ಣಗಾಗಿತ್ತು. ‘ಜೊತೇಲಿ ಒಬ್ರನ್ನ ಕರ್ಕೊಂಡು ಬರ್ಬೋದು ಅಂದವ್ರೆ. ನನ್ ಪಕ್ಕ ಕೂತ್ಕೊಂಡಿರು, ಸಾಕು. ನೀನು ಪಕ್ಕದಲ್ಲಿದ್ರೆ ನಂಗೆ ಧೈರ್ಯ.’

ಕಲ್ಪನ ಬಕೆಟ್ಟಿನ ಹಾಲನ್ನ ಕ್ಯಾನಿಗೆ ಸುರಿದು ಮುಚ್ಚಳ ಒತ್ತಿದಳು. ಕಣ್ಣೀರು ಕೆನ್ನೆ ಮೇಲೆ ಇಳೀತಿತ್ತು, ಒರೆಸ್ಕೊಳ್ಳೋಕೆ ಹೋಗಲಿಲ್ಲ.

‘ನಾನ್ ಸೋತಿದ್ದು ನಿನ್ ಪಕ್ಕ ಕೂತಿದ್ದಾಗ್ಲೇ ಅಲ್ವೇನೇ ಮೀನಾ?’

ಹಾಗಂದು ಕ್ಯಾನು ಸೊಂಟಕ್ಕೆತ್ತಿಕೊಂಡು, ಮೀನಾಳನ್ನ ದಾಟಿಕೊಂಡು ಡೈರಿಯ ಕಡೆಗೆ ಹೊರಟಳು. ಅಂಗಳದಲ್ಲಿ ಅಕ್ಕಯ್ಯಮ್ಮ ಇಬ್ಬರಿಗೂ ಅಂತ ಎರಡು ಲೋಟ ಕಾಫಿ ಹಿಡ್ಕೊಂಡು ನಿಂತಿದ್ದಳು.